‘ಎಲ್ಲಾ ಹೇಗೆ ಮ್ಯಾನೇಜ್ ಮಾಡ್ತೀಯ?’ ಅನ್ನುವವರಿಗೆ

‘ಓದು, ಕಾಲೇಜು, ಫ್ರೆಂಡ್ಸು, ಮನೆಯ ಬಟ್ಟೆ ವ್ಯಾಪಾರ, ಎಲ್ಲಾ ಹೇಗೆ ಮ್ಯಾನೇಜ್ ಮಾಡ್ತೀಯ?’ ಕೇಳುವ ಧಾಟಿ ಬೇರೆ ಬೇರೆ, ಪ್ರಶ್ನೆ ಇದೊಂದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರಕ್ಕೆ ಕಾಯದೆ ‘ನಿಂಗೇನು ಬಿಡು, ಸ್ವಂತ ಅಂಗಡಿ ಇದೆ, ಓದದಿದ್ರೂ ನಡೆಯುತ್ತೆ’ ಅಂತ ಸೇರಿಸುವವರು ದಯವಿಟ್ಟು ಕೇಳಲೇಬೇಡಿ. ಅಂಗಡಿ ತಾನಾಗಿ ನಡೆಯುವ ವಸ್ತುವಲ್ಲ. ಯಾರೋ ನಡೆಸುತ್ತಿದ್ದಾರೆ ಅಂತ ಅದು ನಡೆಯುತ್ತಿದೆ.

ನೇರವಾಗಿ ಹೇಳುತ್ತೇನೆ. ಟೈಮ್‌ಟೇಬಲ್‌ನಲ್ಲಿ ಗಂಟೆಗಳನ್ನು ಹಂಚಿಕೊಂಡರೆ ಎರಡೇ ವಾರ, ಆಮೇಲೆ ಅದು ಗೋಡೆಯ ಮೇಲಿನ ಚಿತ್ರ. ಹಂಚಬೇಕಾದದ್ದು ಕೆಲಸದ ಜಾತಿಯನ್ನು. ನಡುವೆ ಬಿಟ್ಟು ಏಳಬಹುದಾದ ಕೆಲಸ ಯಾವುದು, ಏಳಲೇಬಾರದ ಕೆಲಸ ಯಾವುದು ಅಂತ ಗೊತ್ತಿದ್ದರೆ ಅರ್ಧ ಗೆದ್ದಂತೆ.

ಕಟಿಂಗ್, ಅಂದರೆ ಹೊಲಿಯುವ ಮೊದಲು ಬಟ್ಟೆ ಕತ್ತರಿಸುವುದು, ಏಳಬಾರದ ಕೆಲಸ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಸಾಮಾನ್ಯವಾಗಿ ಶೇಕಡಾ 3ರಿಂದ 5ರಷ್ಟು ಕುಗ್ಗುತ್ತದೆ. ಶೇಕಡಾ 4 ಅಂದರೆ ಎರಡೂವರೆ ಮೀಟರಿನಲ್ಲಿ 10 ಸೆಂಟಿಮೀಟರ್ ಹೋಯಿತು. ಹಾಗಾಗಿ ಮೊದಲು ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಎಳೆಯ ಉದ್ದಕ್ಕೆ ಇಸ್ತ್ರಿ ಹಾಕಬೇಕು. ಪ್ಯಾಟರ್ನ್ ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಮಾದರಿ. ಅದರ ಮೇಲೆ ಎಳೆಯ ದಿಕ್ಕು ತೋರಿಸುವ ಉದ್ದ ಗೀಟಿನ ಎರಡೂ ತುದಿಗಳಿಂದ ಬಟ್ಟೆಯ ಅಂಚಿಗೆ ಟೇಪು ಹಿಡಿದರೆ ಒಂದೇ ಅಳತೆ ಬರಬೇಕು. ಗೀಟು ಓರೆಯಾಗಿದ್ದರೆ ಹೊಲಿದಾಗ ಗೊತ್ತೇ ಆಗುವುದಿಲ್ಲ, ಒಗೆದ ಮೇಲೆ ಪ್ಯಾಂಟಿನ ಕಾಲು ತಿರುಚಿಕೊಂಡು ಪಕ್ಕದ ಹೊಲಿಗೆ ಮುಂದಕ್ಕೆ ಬರುತ್ತದೆ. ಒಂಟಿ ಪದರದಲ್ಲಿ ಕತ್ತರಿಸುವಾಗ ಒಂದು ತೋಳು ಮುಗಿಸಿ ಫೋನಿಗೆ ಎದ್ದು ಹೋದಿರಿ ಅಂದುಕೊಳ್ಳಿ. ಬಂದು ಪ್ಯಾಟರ್ನನ್ನು ಮಗುಚಿ ಹಾಕಲು ಮರೆತರೆ ಕೈಯಲ್ಲಿ ಎರಡು ಎಡತೋಳು! ವೆಲ್ವೆಟ್ ಆದರೆ ಇನ್ನೂ ಕಷ್ಟ. ಅದರ ಮೈಮೇಲಿನ ಸಣ್ಣ ಕೂದಲಿನಂಥ ನವಿರು ಒಂದು ತುಂಡಿನಲ್ಲಿ ಮೇಲ್ಮುಖ, ಇನ್ನೊಂದರಲ್ಲಿ ಕೆಳಮುಖವಾದರೆ ಒಂದೇ ರೋಲಿನ ಬಟ್ಟೆ ಎರಡು ಬಣ್ಣದಂತೆ ಕಾಣುತ್ತದೆ. ಆದ್ದರಿಂದ ಕಾಲೇಜಿರುವ ದಿನ ಕತ್ತರಿ ಮುಟ್ಟಬಾರದು. ಕಟಿಂಗ್‌ಗೆ ರಜಾದಿನದ ಬೆಳಗ್ಗೆ ಸತತ ಮೂರು ಗಂಟೆ ಬೇಕು.

ಗುಂಡಿ ಹಾಕುವುದು, ಕೈಹೊಲಿಗೆ, ದಾರದ ತುದಿ ಕತ್ತರಿಸುವುದು, ಸೈಜ್ ಚೀಟಿ ಅಂಟಿಸುವುದು, ಸ್ಟಾಕ್ ಎಣಿಸುವುದು, ಇವನ್ನೆಲ್ಲ ಎಲ್ಲಿ ಬಿಟ್ಟರೂ ಅಲ್ಲಿಂದಲೇ ಹಿಡಿಯಬಹುದು. ಸಂಜೆಯ ಮುಕ್ಕಾಲು ಗಂಟೆಗೆ ಹೇಳಿ ಮಾಡಿಸಿದ ಕೆಲಸಗಳು. ಓದಿನಲ್ಲೂ ಹೀಗೇ. ರೆಕಾರ್ಡ್ ಬರೆಯುವುದು, ಹಳೇ ಪಾಠ ಮೆಲುಕು ಹಾಕುವುದು ಗಿರಾಕಿಗಳ ನಡುವೆ ಆದೀತು. ಹೊಸ ಲೆಕ್ಕ, ಹೊಸ ಅಧ್ಯಾಯ ಅಂಗಡಿಯ ಗಲ್ಲಾದ ಹಿಂದೆ ಕೂತು ತಲೆಗೆ ಹತ್ತುವುದಿಲ್ಲ.

ಇದು ಬರೀ ಅನುಭವದ ಮಾತಲ್ಲ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಳೆಯದರಲ್ಲೇ ಉಳಿಯುತ್ತದೆ ಅಂತ ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಇನ್ನೊಬ್ಬ ಸಂಶೋಧಕಿ ಥೆರೆಸಾ ಗ್ಲಾಂಬ್ ಜೊತೆಗಿನ ಅವರ 2018ರ ಅಧ್ಯಯನದಲ್ಲಿ ಇದಕ್ಕೆ ಮದ್ದೂ ಇದೆ: ಏಳುವ ಮೊದಲು ಎಲ್ಲಿಗೆ ನಿಂತಿದೆ, ಮುಂದೇನು ಅಂತ ಒಂದು ನಿಮಿಷ ಬರೆದಿಡುವುದು. ‘ಬಲ ಪಕ್ಕದ ಹೊಲಿಗೆ ಆಗಿದೆ, ಕಾಲರ್‌ಗೆ ಫ್ಯೂಸಿಂಗ್ ಬಾಕಿ’ ಅಂತ ಚೀಟಿ ಬರೆದು ಬಟ್ಟೆಗೇ ಪಿನ್ ಮಾಡಿ (ಫ್ಯೂಸಿಂಗ್ ಅಂದರೆ ಕಾಲರ್ ಗಟ್ಟಿಯಾಗಿ ನಿಲ್ಲಲು ಇಸ್ತ್ರಿಯ ಬಿಸಿಯಲ್ಲಿ ಅಂಟಿಸುವ ಒಳಪದರ). ಪುಸ್ತಕದೊಳಗೂ ಅಂಥದೇ ಒಂದು ಚೀಟಿ ಇರಲಿ.

ಅಳತೆ ಚೀಟಿಯ ವಿಷಯ ಬಿಡುವಂತಿಲ್ಲ, ಯಾಕೆಂದರೆ ಓದುವವರ ರಾತ್ರಿಗಳನ್ನು ಹೆಚ್ಚಾಗಿ ತಿನ್ನುವುದು ಆಲ್ಟರೇಷನ್ನೇ. ಎದೆ ಸುತ್ತಳತೆ 90 ಅಂತ ಬರೆದಿದೆ. ಅದು ಮೈ ಅಳತೆಯೋ ಬಟ್ಟೆ ಅಳತೆಯೋ? ಮೈ 90 ಇದ್ದರೆ, ಹಿಗ್ಗದ ಬಟ್ಟೆಯ ಶರ್ಟಿಗೆ ಉಸಿರಾಡಲು, ಕೈ ಚಾಚಲು 8ರಿಂದ 10 ಸೆಂಟಿಮೀಟರ್ ಸಡಿಲ ಸೇರಿಸಬೇಕು. ಬರೆದವರು ಸೇರಿಸಿದ್ದನ್ನು ಕತ್ತರಿಸುವವರು ಮತ್ತೆ ಸೇರಿಸಿದರೆ ಜೋಲು ಅಂಗಿ. ಇಬ್ಬರೂ ಸೇರಿಸದಿದ್ದರೆ ಗುಂಡಿಯೇ ಕೂಡುವುದಿಲ್ಲ. ಅಂಕಿಯ ಪಕ್ಕ ‘ಮೈ’ ಅಥವಾ ‘ಬಟ್ಟೆ’ ಅಂತ ಒಂದು ಪದ ಬರೆದರೆ ಸಾಕು. ಟ್ರಯಲ್ ಅನ್ನು ಡೆಲಿವರಿಗೆ ಏಳು ದಿನ ಮೊದಲೇ ಇಡಿ. ಪರೀಕ್ಷೆಯ ದಿನಾಂಕ ಬಂದ ದಿನವೇ ಆರ್ಡರ್ ಪುಸ್ತಕದಲ್ಲಿ ಆ ದಿನಗಳಿಗೂ ಹಿಂದಿನ ಹದಿನೈದು ದಿನಗಳಿಗೂ ಕೆಂಪು ಗೀಟು ಎಳೆಯಿರಿ. ಅಲ್ಲಿಗೆ ಡೆಲಿವರಿ ಒಪ್ಪಿಕೊಳ್ಳುವಂತಿಲ್ಲ, ಅಪ್ಪನೂ ಅಷ್ಟೇ, ಅಮ್ಮನೂ ಅಷ್ಟೇ.

ಇನ್ನು ಫ್ರೆಂಡ್ಸು. ಫೆಸ್ಟ್ ಬಂತು ಅಂದರೆ ‘ನಮ್ಮ ಡ್ಯಾನ್ಸ್ ಟೀಮಿಗೆ ಹದಿನೈದು ಡ್ರೆಸ್ ಮಾಡಿಕೊಡ್ತೀಯಾ?’ ಅಂತ ಬರುತ್ತಾರೆ. ಮಾಡಿಕೊಡಬಹುದು, ಖುಷಿಯ ಕೆಲಸವೇ. ಆದರೆ ಮೆಸೇಜಿನಲ್ಲಿ ಬಂದ ಅಳತೆಗಳನ್ನು ನಂಬಬಾರದು. ಸರಿಯಾಗಿ ಕೂರುವ ಒಂದು ಅಂಗಿ ತರಿಸಿ, ಮಂಚದ ಮೇಲೆ ಹಾಸಿ, ಕಂಕುಳಿಂದ ಕಂಕುಳಿಗೆ ಅಳೆದು ದುಪ್ಪಟ್ಟು ಮಾಡಿ. ಕುಣಿಯುವವರಿಗೆ ಕೈ ಎತ್ತಲು ಸಲೀಸಾಗಲಿ ಅಂತ ಕಂಕುಳ ಸುತ್ತನ್ನು ಆಳಕ್ಕೆ ಕತ್ತರಿಸುವುದು ಎಲ್ಲರೂ ಮಾಡುವ ತಪ್ಪು. ಕಂಕುಳು ಕೆಳಗಿಳಿದಷ್ಟೂ ಕೈಯೆತ್ತಿದಾಗ ಇಡೀ ಅಂಗಿ ಮೇಲೇಳುತ್ತದೆ. ಸುತ್ತು ಮೇಲೆಯೇ ಇರಲಿ, ಕಂಕುಳ ಕೆಳಗೆ ಒಂದು ಚೌಕ ಬಟ್ಟೆ ತುಂಡು ಸೇರಿಸಿ. ಮೊದಲು ಒಂದೇ ಡ್ರೆಸ್ ಹೊಲಿದು, ತೊಟ್ಟು ಕುಣಿದು ನೋಡಿದ ಮೇಲೆ ಉಳಿದ ಹದಿನಾಲ್ಕಕ್ಕೆ ಕತ್ತರಿ.

ಈಗ ಯಾರೂ ಕೇಳದ ಪ್ರಶ್ನೆ, ನಾನು ಕಾಯುವ ಪ್ರಶ್ನೆ: ‘ಲೆಕ್ಕದಲ್ಲಿ ನಿನ್ನ ಕೆಲಸಕ್ಕೆ ಎಷ್ಟು ಬರೀತಾರೆ?’

ಮನೆ ವ್ಯಾಪಾರಗಳಲ್ಲಿ ಸಾಮಾನ್ಯವಾಗಿ ಸೊನ್ನೆ. ಒಂದು ಶರ್ಟಿನ ಮಾರುವ ಬೆಲೆ 100 ಅಂತಿಟ್ಟುಕೊಳ್ಳಿ. ಬಟ್ಟೆಗೆ 40, ಗುಂಡಿ ದಾರ ಫ್ಯೂಸಿಂಗ್‌ಗೆ 8, ಹೊಲಿಗೆ ಕೂಲಿ 25, ಕರೆಂಟು ಬಾಡಿಗೆ 7. ಒಟ್ಟು 80, ಲಾಭ 20 ಅಂತ ಮನೆಯವರಿಗೆ ಸಮಾಧಾನ. ಕಟಿಂಗ್, ಗುಂಡಿ, ಇಸ್ತ್ರಿ, ಪ್ಯಾಕಿಂಗ್ ಸೇರಿ ಒಂದೂಕಾಲು ಗಂಟೆ ಮನೆಮಕ್ಕಳ ಕೈಯಿಂದ ಹೋಗಿದೆಯಲ್ಲ, ಅದಕ್ಕೆ ಗಂಟೆಗೆ 12ರಂತೆ ಹಿಡಿದರೆ 15. ನಿಜವಾದ ಲಾಭ 5. ‘ಫ್ರೆಂಡ್ ಅಲ್ವಾ, ಹತ್ತು ಪರ್ಸೆಂಟ್ ಬಿಡು’ ಅಂದವರಿಗೆ 90ಕ್ಕೆ ಕೊಟ್ಟರೆ ಅಲ್ಲೇ 5 ನಷ್ಟ. ಪರೀಕ್ಷೆಯ ತಿಂಗಳು ಆ ಕೆಲಸಕ್ಕೆ ಹೊರಗಿನವರನ್ನು ಇಟ್ಟಾಗ ‘ಈ ತಿಂಗಳು ಯಾಕೋ ಏನೂ ಉಳಿಯಲಿಲ್ಲ’ ಅನ್ನುತ್ತಾರೆ. ಪ್ರತಿ ತಿಂಗಳು ಉಳಿಯುತ್ತಿದ್ದದ್ದರಲ್ಲಿ ಮುಕ್ಕಾಲು ಪಾಲು ಮಕ್ಕಳ ಕೂಲಿ.

ಆ ದುಡ್ಡು ಕೈಗೆ ಬರಲೇಬೇಕು ಅಂತ ನಾನು ಹೇಳುತ್ತಿಲ್ಲ. ಫೀಸು, ಪುಸ್ತಕ, ಊಟ ಎಲ್ಲ ಅದೇ ಗಲ್ಲಾದಿಂದ ಬರುತ್ತದೆ. ಆದರೆ ಕಾಗದದ ಮೇಲೆ ಆ ಸಾಲು ಇರಬೇಕು: ‘ಮನೆಯವರ ಕೆಲಸ, ಒಂದೂಕಾಲು ಗಂಟೆ, 15.’ ಆಗ ಆರ್ಡರ್ ಒಪ್ಪಿಕೊಳ್ಳುವ ಮೊದಲು ‘ನಾಳೆ ನಿಂಗೆ ಲ್ಯಾಬ್ ಇದೆಯಾ?’ ಅಂತ ಅಪ್ಪ ಕೇಳುತ್ತಾರೆ.