ತೆರೆಯದ ಅಟ್ಯಾಚ್‌ಮೆಂಟ್ ಮತ್ತು 88,140 ರೂಪಾಯಿ

"ಮೇಡಂ, ನನ್ನ ಪೇ ಸ್ಲಿಪ್‌ನಲ್ಲಿ ಟಿಡಿಎಸ್ಸೇ ಇಲ್ಲ. ಸರಿ ಇದೆಯಾ ಒಮ್ಮೆ ನೋಡ್ತೀರಾ?"

ಟೆಸ್ಟಿಂಗ್ ತಂಡಕ್ಕೆ 2025ರ ಆಗಸ್ಟ್‌ನಲ್ಲಿ ಸೇರಿದ್ದ ಹುಡುಗ ಸೆಪ್ಟೆಂಬರ್‌ನಲ್ಲಿ ಕಳಿಸಿದ್ದ ಮೇಲ್ ಇದು. ಟಿಡಿಎಸ್ ಅಂದರೆ ಸಂಬಳ ಕೊಡುವಾಗಲೇ ಕಂಪನಿ ಹಿಡಿದುಕೊಳ್ಳುವ ಆದಾಯ ತೆರಿಗೆ. ಜೊತೆಗೆ ಒಂದು ಅಟ್ಯಾಚ್‌ಮೆಂಟ್ ಇತ್ತು. ನಾನು ಅದನ್ನು ತೆರೆಯಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಅವನ ಕಂಪ್ಯೂಟೇಷನ್ ಶೀಟ್ ತೆಗೆದೆ. ತಿಂಗಳಿಗೆ 1,30,000ದಂತೆ ಎಂಟು ತಿಂಗಳಿಗೆ 10,40,000. ಸಂಬಳದಾರರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 9,65,000. 12 ಲಕ್ಷದ ಒಳಗೇ ಇರುವುದರಿಂದ 87ಎ ರಿಬೇಟ್ (ಆ ಮಿತಿಯೊಳಗಿನವರಿಗೆ ತೆರಿಗೆ ಮನ್ನಾ) ಸಿಕ್ಕಿ ತೆರಿಗೆ ಸೊನ್ನೆ. "ಹೊಸ ಪದ್ಧತಿಯಲ್ಲಿ ನಿಮಗೆ ತೆರಿಗೆ ಬರಲ್ಲ, ಚಿಂತೆ ಬೇಡ" ಅಂತ ಎರಡು ಸಾಲು ಬರೆದು ಮುಂದಿನ ಮೇಲ್‌ಗೆ ಹೋದೆ. ಪೇರೋಲ್‌ನಲ್ಲಿ (ಸಂಬಳದ ಲೆಕ್ಕದ ವಿಭಾಗದಲ್ಲಿ) ಒಂಬತ್ತು ವರ್ಷ ಕಳೆದಿರುವ ನನಗೆ "ಏಪ್ರಿಲ್‌ನಿಂದ ಜುಲೈವರೆಗೆ ಎಲ್ಲಿದ್ರಿ?" ಅನ್ನುವ ಒಂದು ಪ್ರಶ್ನೆ ಅಂದು ಹೊಳೆಯಲಿಲ್ಲ.

ಅದು ಹೊಳೆದದ್ದು ಮಾರ್ಚ್ 20ರ ಶುಕ್ರವಾರ ಮಧ್ಯಾಹ್ನ. ಅಂದು ಸಂಜೆ ಆರಕ್ಕೆ ಮಾರ್ಚ್ ರನ್ನಿನ (ಆ ತಿಂಗಳ ಸಂಬಳದ ಲೆಕ್ಕದ) ಇನ್‌ಪುಟ್ ಲಾಕ್ ಆಗುವುದಿತ್ತು, ಆಮೇಲೆ ಬದಲಿಸುವಂತಿಲ್ಲ. ಬೇರೇನೋ ದಾಖಲೆಗೆಂದು ಹಳೆ ಮೇಲ್‌ಗಳನ್ನು ಜಾಲಾಡುತ್ತಿದ್ದಾಗ ಅವನ ಮೇಲ್ ಸಿಕ್ಕಿತು. ಈ ಸಲ ಅಟ್ಯಾಚ್‌ಮೆಂಟ್ ತೆರೆದೆ. ಹಳೆ ಕಂಪನಿಯ ಜುಲೈ ಪೇ ಸ್ಲಿಪ್ ಅದು. ತಿಂಗಳಿಗೆ 1,00,000. ಟಿಡಿಎಸ್ ಅಲ್ಲೂ ಸೊನ್ನೆ.

ಅಲ್ಲಿಯವರ ಲೆಕ್ಕವೂ ಅವರ ಮಟ್ಟಿಗೆ ಸರಿಯೇ. ವರ್ಷವಿಡೀ ಅಲ್ಲೇ ಇರುತ್ತಾನೆಂದು 12 ಲಕ್ಷ ಹಿಡಿದು, 75,000 ಕಳೆದು, ರಿಬೇಟ್ ಕೊಟ್ಟಿದ್ದರು. ನಾವು ಇನ್ನೊಂದು ಸಲ ಅದೇ 75,000 ಕಳೆದಿದ್ದೆವು, ಅದೇ 4 ಲಕ್ಷದ ತೆರಿಗೆಯಿಲ್ಲದ ಹಂತ ಕೊಟ್ಟಿದ್ದೆವು, ಅದೇ ರಿಬೇಟ್ ಕೊಟ್ಟಿದ್ದೆವು. ಮನುಷ್ಯ ಒಬ್ಬನೇ, ಪ್ಯಾನ್ ಒಂದೇ, ವಿನಾಯಿತಿ ಮಾತ್ರ ಎರಡು ಸಲ. ಪೆನ್ನು ಹಿಡಿದು ಕಾಗದದ ಮೇಲೆ ಕೂಡಿಸಿದೆ. ಅಲ್ಲಿಯ 4,00,000, ನಮ್ಮ 10,40,000, ಒಟ್ಟು 14,40,000. ಒಂದೇ ಒಂದು ಸಲ 75,000 ಕಳೆದರೆ 13,65,000. ರಿಬೇಟ್ ಇಲ್ಲ. 4ರಿಂದ 8 ಲಕ್ಷಕ್ಕೆ 20,000, 8ರಿಂದ 12ಕ್ಕೆ 40,000, ಮಿಕ್ಕ 1,65,000ಕ್ಕೆ ಶೇ 15ರಂತೆ 24,750. ಸೆಸ್ (ತೆರಿಗೆಯ ಮೇಲಿನ ಉಪಕರ) ಸೇರಿ 88,140.

ಮೂರು ಸಲ ಕೂಡಿಸಿದೆ. ಮೂರು ಸಲವೂ ಅಷ್ಟೇ ಬಂತು.

ಗಂಟೆ ಮೂರೂವರೆ. ಮ್ಯಾನೇಜರ್ ಹತ್ತಿರ ಹೋದೆ. "12ಬಿ ಫಾರ್ಮ್ ಕೊಟ್ಟಿಲ್ಲ ತಾನೆ? ಹಾಗಾದ್ರೆ ನಮಗೆ ಸಂಬಂಧ ಇಲ್ಲ. ರಿಟರ್ನ್ ಹಾಕುವಾಗ ಅವರೇ ಕಟ್ಟಿಕೊಳ್ಳಲಿ" ಅಂದರು. ಹಿಂದಿನ ಕಂಪನಿಯ ಸಂಬಳದ ವಿವರ ಕೊಡುವ ಆ ಫಾರ್ಮ್ ಕೊಟ್ಟಿಲ್ಲ, ನಿಜ. ಆದರೆ ಆ ಫಾರ್ಮ್ ಕೊಡಿ ಎಂದು ಅವನಿಗೆ ಹೇಳಬೇಕಾದವಳು ನಾನು. ಮಾಹಿತಿಯನ್ನಂತೂ ಅವನು ಆರು ತಿಂಗಳ ಹಿಂದೆಯೇ ಕೊಟ್ಟಿದ್ದ. ಅಲ್ಲದೆ ರಿಟರ್ನ್ ಹಾಕುವ ಜುಲೈವರೆಗೆ ಬಿಟ್ಟರೆ ಮುಂಗಡ ತೆರಿಗೆಯ (ವರ್ಷದೊಳಗೇ ಕಂತಿನಲ್ಲಿ ಕಟ್ಟಬೇಕಾದ ತೆರಿಗೆ) ನಾಲ್ಕೂ ಕಂತು ತಪ್ಪಿದ್ದಕ್ಕೆ ಸೆಕ್ಷನ್ 234ಸಿ ಬಡ್ಡಿ ಸುಮಾರು 4,450, ಏಪ್ರಿಲ್‌ನಿಂದ ತಿಂಗಳಿಗೆ ಶೇ 1ರಂತೆ 234ಬಿ ಬಡ್ಡಿ ಸುಮಾರು 3,500, ಎರಡೂ ಸೇರಿ 8 ಸಾವಿರದ ಹತ್ತಿರ ದಂಡವಾಗಿ ಹೋಗುತ್ತದೆ. ಅದೇ ಮಾರ್ಚ್ ಸಂಬಳದಲ್ಲಿ ಟಿಡಿಎಸ್ ಹಿಡಿದರೆ ಈ ಎರಡು ಬಡ್ಡಿಯೂ ಇಲ್ಲ. ಟಿಡಿಎಸ್ ಯಾವ ತಿಂಗಳು ಹಿಡಿದಿದ್ದರೂ ಬಡ್ಡಿಯ ಲೆಕ್ಕದಲ್ಲಿ ಅದನ್ನು ತೆರಿಗೆಯಿಂದ ಪೂರ್ತಿ ಕಳೆಯುತ್ತಾರೆ.

ಫೋನಿನಲ್ಲಿ ಹೇಳುವ ಮಾತಲ್ಲ ಇದು. ಕಾಗದ ಹಿಡಿದುಕೊಂಡು ಅವನ ಸೀಟಿಗೇ ಹೋದೆ. ಹೇಳಿ ಮುಗಿಸುವಾಗ ನನ್ನ ಗಂಟಲು ಒಣಗಿತ್ತು. ಅವನು ಕಾಗದವನ್ನು ತುಂಬ ಹೊತ್ತು ನೋಡಿದ. ಸಿಟ್ಟು ಮಾಡಲಿಲ್ಲ. "ಸೆಪ್ಟೆಂಬರ್‌ನಲ್ಲೇ ಕೇಳಿದ್ನಲ್ಲ ಮೇಡಂ" ಅಂದ, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸೆಪ್ಟೆಂಬರ್‌ನಲ್ಲೇ ನೋಡಿದ್ದರೆ ಆ ಮೊತ್ತವನ್ನು ಏಳು ತಿಂಗಳಿಗೆ ಹಂಚಬಹುದಿತ್ತು, ತಿಂಗಳಿಗೆ 12,591. ಈಗ ಒಂದೇ ಸಂಬಳದಿಂದ ಅಷ್ಟೂ ಹೋಗಿ ಅವನ ಕೈಗೆ 41,860, ಅದರಲ್ಲೂ ಪಿಎಫ್, ಪಿಟಿ (ವೃತ್ತಿ ತೆರಿಗೆ) ಕಳೆಯಬೇಕು. 5ನೇ ತಾರೀಕು ಸಾಲದ ಕಂತು 31,000 ಇದೆ ಅಂದ. ಬಾಡಿಗೆ ಬೇರೆ. ಬಡ್ಡಿಯ ಲೆಕ್ಕವನ್ನೂ ಅವನ ಮುಂದಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು "ಹಿಡಿದುಬಿಡಿ" ಅಂದ. ಅಲ್ಲೇ 12ಬಿ ತುಂಬಿಸಿ ಸಹಿ ತೆಗೆದುಕೊಂಡು, ಫೈನಾನ್ಸ್‌ನವರ ಎದುರು ನಿಂತು ಅವನಿಗೆ 40,000 ಸಂಬಳದ ಮುಂಗಡ ಕೇಳಿದೆ. ತಿಂಗಳಿಗೆ 8,000ದಂತೆ ಐದು ತಿಂಗಳಲ್ಲಿ ಮುರಿದುಕೊಳ್ಳುವ ಷರತ್ತಿನ ಮೇಲೆ ಒಪ್ಪಿದರು. ನಾನು ಎಂಟ್ರಿ ಹಾಕಿದಾಗ 5.50.

ಸಾಫ್ಟ್‌ವೇರ್ ಮೇಲೂ ನನಗೆ ಸಿಟ್ಟಿದೆ. "ಹಿಂದಿನ ಉದ್ಯೋಗದ ಆದಾಯ" ಎನ್ನುವ ಕಾಲಂ ತನ್ನಷ್ಟಕ್ಕೇ ಸೊನ್ನೆ ಹಾಕಿಕೊಳ್ಳುತ್ತದೆ. ಖಾಲಿ ಬಿಟ್ಟಿದ್ದಕ್ಕೂ ನಿಜವಾಗಿ ಸೊನ್ನೆ ಇರುವುದಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಎರಡು ವರ್ಷದ ಹಿಂದಿನವರೆಗೂ ನೌಕರರು ತೆರಿಗೆಗೆ ಬೇಕಾದ ವಿವರ ತುಂಬುವ ಡಿಕ್ಲರೇಷನ್ ವಿಂಡೋವನ್ನು ಅಕ್ಟೋಬರ್‌ನಲ್ಲಿ ಮತ್ತೆ ತೆರೆಯುತ್ತಿದ್ದೆವು. ಏಪ್ರಿಲ್‌ನಲ್ಲಿ ಡಿಕ್ಲರೇಷನ್, ಜನವರಿಯಲ್ಲಿ ಪ್ರೂಫ್, ಅಷ್ಟು ಸಾಕು ಎಂದು ಮ್ಯಾನೇಜ್‌ಮೆಂಟ್ ಅದನ್ನು ನಿಲ್ಲಿಸಿತು. ಜನವರಿಯಲ್ಲಿ ಯಾರು ಏನು ತೋರಿಸಿದರೂ ಸರಿಪಡಿಸಲು ಮೂರೇ ಸಂಬಳ ಉಳಿದಿರುತ್ತದೆ. ಸೆಪ್ಟೆಂಬರ್ 15ರೊಳಗೆ ಮುಂಗಡ ತೆರಿಗೆಯ ಶೇ 45 ಕಟ್ಟಿರಬೇಕು, ಹಾಗಾಗಿ ವರ್ಷದ ಲೆಕ್ಕ ತೆಗೆದು ನೋಡಬೇಕಾದ ಹೊತ್ತು ಅದೇ.

ಬರೀ ಕೆಲಸ ಬದಲಿಸಿದವರ ಕಥೆಯಲ್ಲ ಇದು. ಶೇ 30ರ ಹಂತದಲ್ಲಿರುವ ಒಬ್ಬರಿಗೆ ಎಫ್‌ಡಿ ಬಡ್ಡಿ ವರ್ಷಕ್ಕೆ 2 ಲಕ್ಷ. ಬ್ಯಾಂಕ್ 20,000 ಹಿಡಿಯುತ್ತದೆ, ಆಯಿತಲ್ಲ ಎಂದುಕೊಂಡಿದ್ದರು. ಸೆಸ್ ಸೇರಿ ಕಟ್ಟಬೇಕಾದದ್ದು 62,400. ಎಐಎಸ್ (ತೆರಿಗೆ ಇಲಾಖೆಯಲ್ಲಿರುವ ಅವರ ಆದಾಯದ ಪಟ್ಟಿ) ತೆಗೆಸಿ, 12ಬಿಎಎ (ಸಂಬಳವಲ್ಲದ ಆದಾಯ ತಿಳಿಸುವ ಫಾರ್ಮ್) ಕೊಡಿಸಿ ಸಂಬಳದಲ್ಲೇ ಸರಿದೂಗಿಸಿದೆವು. ಷೇರು ಮಾರಿದವರಿಗೆ ನಾನು ಹೇಳುವುದು ಒಂದೇ: ಷೇರಿನ ಲಾಭದ ಮೇಲಿನ ವಿಶೇಷ ದರದ ತೆರಿಗೆಗೆ ಹೊಸ ಪದ್ಧತಿಯ ಆ ರಿಬೇಟ್ ಇಲ್ಲ, 12 ಲಕ್ಷದ ಮಾತು ನಂಬಿ ಕೂರಬೇಡಿ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಬಾಯಿಪಾಠವಾಗಿದ್ದ, ಸಂಬಳದ ಟಿಡಿಎಸ್‌ನ ಸೆಕ್ಷನ್ 192 ಈಗ 392. ಎರಡು ಸಂಬಳ ಕೂಡಿಸಿ ನೋಡುವ ಕೆಲಸ ಮಾತ್ರ ಹಾಗೇ ಇದೆ. ಹಿಂದಿನ ಉದ್ಯೋಗದ ಆದಾಯದ ಕಾಲಂ ಕಡ್ಡಾಯ ಮಾಡಿ ಎಂದು ಸಾಫ್ಟ್‌ವೇರ್ ವೆಂಡರ್‌ಗೆ ಹಾಕಿದ ಟಿಕೆಟ್ ಇನ್ನೂ ಓಪನ್ ಇದೆ. ಅಲ್ಲಿಯವರೆಗೆ ನನ್ನದೇ ಒಂದು ಎಕ್ಸೆಲ್ ಶೀಟ್ ಇದೆ: ಏಪ್ರಿಲ್ ನಂತರ ಸೇರಿದವರು, ಟಿಡಿಎಸ್ ಸೊನ್ನೆ ಇರುವವರು, ಹಳೆ ಕಂಪನಿಯ ಕೊನೆಯ ಪೇ ಸ್ಲಿಪ್ ಬಂತೋ ಇಲ್ಲವೋ. ಈಗ ಅದರಲ್ಲಿ ಏಳು ಹೆಸರಿವೆ. ಐದು ಜನರದು ಬಂದಿದೆ, ಐದನ್ನೂ ತೆರೆದು ನೋಡಿದ್ದೇನೆ. ಇನ್ನಿಬ್ಬರಿಗೆ ಎರಡು ಸಲ ಮೇಲ್ ಮಾಡಿದರೂ ಉತ್ತರ ಇಲ್ಲ. ನಾಳೆ ಅವರ ಸೀಟಿಗೆ ನಾನೇ ಹೋಗುತ್ತೇನೆ.