ಮಳೆಗಾಲದಲ್ಲಿ ಕೇಕ್ ಪಾಪ್: ಬಿರಿಯದಂತೆ, ಬೆವರದಂತೆ

ಕೇಕ್ ಪುಡಿ ಮಾಡಿ, ಗನಾಶ್‌ನಲ್ಲಿ (ಬಿಸಿ ಕ್ರೀಮಿನಲ್ಲಿ ಕರಗಿಸಿದ ಚಾಕೊಲೇಟ್) ಕಲಸಿ, ಉಂಡೆ ಕಟ್ಟಿ, ಕಡ್ಡಿ ಚುಚ್ಚಿ ಚಾಕೊಲೇಟಿನಲ್ಲಿ ಅದ್ದುವುದು. ಕೇಕ್ ಪಾಪ್ ಎಂದರೆ ಇಷ್ಟೇ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ. ಒಣಹವೆಯ ಊರಿನವರ ವಿಡಿಯೋ ನೋಡಿಕೊಂಡು ಮಾಡಿದರೆ ಚಾಕೊಲೇಟ್ ಹೊದಿಕೆ ಬಿರಿಯುತ್ತದೆ, ಇಲ್ಲವೇ ಬೆವರುತ್ತದೆ. ಎರಡೂ ಹೆಚ್ಚಾಗಿ ಫ್ರಿಜ್ಜಿನಿಂದ ಆಗುವ ತೊಂದರೆ. ಫ್ರಿಜ್ ಉಂಡೆಗೆ ಬೇಕು, ಅದ್ದಿದ ಮೇಲೆ ಬೇಡ.

ಹುಟ್ಟುಹಬ್ಬಕ್ಕೆ 24 ಪಾಪ್ ಬೇಕೆಂದರೆ 500 ಗ್ರಾಂ ಪ್ಲೇನ್ ಕೇಕ್ ಸಾಕು. ಬೇಕರಿಯದ್ದೂ ನಡೆಯುತ್ತದೆ, ಕ್ರೀಮ್ ಕೇಕ್ ಮಾತ್ರ ಬೇಡ. ಕಂದು ಬಣ್ಣದ ಗಟ್ಟಿ ಅಂಚನ್ನು ಕತ್ತರಿಸಿ ತೆಗೆಯಿರಿ. ಅದು ಉಂಡೆಯೊಳಗೆ ಗಂಟಾಗಿ ಉಳಿದು ಮೇಲ್ಮೈಯನ್ನು ಉಬ್ಬುತಗ್ಗು ಮಾಡುತ್ತದೆ. ಉಳಿದದ್ದನ್ನು ರವೆಯಷ್ಟು ಸಣ್ಣಗೆ ಪುಡಿ ಮಾಡಿ. 40 ಮಿಲಿ ಫ್ರೆಶ್ ಕ್ರೀಮ್ ಬಿಸಿ ಮಾಡಿ, ಅದರಲ್ಲಿ 80 ಗ್ರಾಂ ಡಾರ್ಕ್ ಕಾಂಪೌಂಡ್ ಚಾಕೊಲೇಟ್ ಕರಗಿಸಿದರೆ ಗನಾಶ್ ಸಿದ್ಧ. ಅದು ತಣಿದ ಮೇಲೆ ಒಂದೊಂದೇ ಚಮಚ ಹಾಕುತ್ತಾ ಕಲಸಿ, ಒಮ್ಮೆಲೇ ಸುರಿಯಬೇಡಿ. ಮುಷ್ಟಿಯಲ್ಲಿ ಒತ್ತಿದಾಗ ತಂಬಿಟ್ಟಿನ ಹಿಟ್ಟಿನಂತೆ ಕೂಡಿಕೊಂಡು, ಅಂಗೈಗೆ ಜಿಡ್ಡು ಬಿಡದಿದ್ದರೆ ಹದ ಬಂತು. ಮೊಸರು ಹಾಕಿದ ಎಗ್‌ಲೆಸ್ ಕೇಕಿನಲ್ಲಿ ತೇವ ಮೊದಲೇ ಹೆಚ್ಚು, ಅದಕ್ಕೆ ಅರ್ಧ ಗನಾಶ್‌ನಲ್ಲೇ ಹದ ಬರಬಹುದು. ಕಡ್ಡಿಯಿಂದ ಉಂಡೆ ಜಾರಿ ಬೀಳುವುದಕ್ಕೆ ಮುಖ್ಯ ಕಾರಣ ಗನಾಶ್ ಹೆಚ್ಚಾಗುವುದು. ಉಂಡೆ ದೊಡ್ಡದಾಗುವುದು ಎರಡನೆಯದು. ಕಣ್ಣಳತೆ ನಂಬದೆ ತಕ್ಕಡಿಯಲ್ಲಿಟ್ಟು 25 ಗ್ರಾಂಗೆ ಕಟ್ಟಿ.

ಉಂಡೆಗಳನ್ನು ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಹಿಂದಿನ ರಾತ್ರಿಯೇ ಕಟ್ಟಿಟ್ಟರೂ ಆಗುತ್ತದೆ. ಆಮೇಲೆ ಕಾಗದದ ಕಡ್ಡಿಯ ತುದಿಯನ್ನು ಒಂದು ಸೆಂಟಿಮೀಟರ್‌ನಷ್ಟು ಕರಗಿದ ಚಾಕೊಲೇಟಿನಲ್ಲಿ ಅದ್ದಿ, ಉಂಡೆಯ ಅರ್ಧಕ್ಕಿಂತ ತುಸು ಆಳಕ್ಕೆ ಚುಚ್ಚಿ, ಮತ್ತೆ ಐದು ನಿಮಿಷ ತಣ್ಣಗಿಡಿ. ಆ ಚಾಕೊಲೇಟೇ ಇಲ್ಲಿ ಅಂಟು.

ಈಗ ಹೊದಿಕೆ. ಮನೆ ಪಾರ್ಟಿಗೆ ಕಾಂಪೌಂಡ್ ಚಾಕೊಲೇಟೇ ಸರಿ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುವುದರಿಂದ ಟೆಂಪರಿಂಗ್‌ನ, ಅಂದರೆ ಹೊಳಪು ಬಂದು ಗಟ್ಟಿಯಾಗಲೆಂದು ಚಾಕೊಲೇಟನ್ನು ಅಳತೆ ಶಾಖದಲ್ಲಿ ಕರಗಿಸಿ ತಣಿಸುವ, ತಾಪತ್ರಯವಿಲ್ಲ. 24 ಪಾಪ್‌ಗೆ 300 ಗ್ರಾಂ ಖರ್ಚಾಗುತ್ತದೆ, ಆದರೆ 400 ಗ್ರಾಂ ಕರಗಿಸಿ. ಕಡಿಮೆಯಾದರೆ ಉಂಡೆ ಪೂರ್ತಿ ಮುಳುಗುವುದಿಲ್ಲ. ಕುದಿದ ನೀರಿನ ಪಾತ್ರೆಯ ಉರಿ ಆರಿಸಿ, ಮೇಲೆ ಬಟ್ಟಲಿಟ್ಟು ಕರಗಿಸಿ. ಬಟ್ಟಲಿನ ತಳ ನೀರಿಗೆ ತಾಗಬಾರದು, ಹಬೆ ಒಳಗೆ ಹೋಗಬಾರದು. ಒದ್ದೆ ಸೌಟಿನಿಂದ ನಾಲ್ಕು ಹನಿ ಬಿದ್ದರೂ ಚಾಕೊಲೇಟ್ ಮುದ್ದೆಗಟ್ಟುತ್ತದೆ, ಆಮೇಲೆ ಅದ್ದಲು ಬಾರದು. ನೀರಿನಲ್ಲಿ ಕರಗಿಸಿದ ಫುಡ್ ಕಲರ್ ಹಾಕಿದರೂ ಇದೇ ಗತಿ. ಬಿಳಿ ಕಾಂಪೌಂಡಿಗೆ ಬಣ್ಣ ಬೇಕಿದ್ದರೆ ಎಣ್ಣೆ ಆಧಾರದ ಬಣ್ಣವನ್ನೇ ಕೊಳ್ಳಿ. ಮಂದವಾಗಿದ್ದರೆ ಒಂದೆರಡು ಚಮಚ ಕೊಬ್ಬರಿ ಎಣ್ಣೆ ಸೇರಿಸಿ, ನೀಳವಾದ ಒಣ ಸ್ಟೀಲ್ ಲೋಟಕ್ಕೆ ಸುರಿಯಿರಿ.

ಅದ್ದುವ ಮುನ್ನ ಉಂಡೆಗಳನ್ನು ಹತ್ತು ನಿಮಿಷ ಹೊರಗಿಡಿ. ಇದನ್ನು ಬಿಟ್ಟರೆ ಬಿರುಕು ಖಂಡಿತ: ಕೊರೆಯುವ ಉಂಡೆಯ ಮೇಲೆ ಚಾಕೊಲೇಟ್ ತಕ್ಷಣ ಬಿಗಿಯುತ್ತದೆ, ಒಳಗಿನ ಉಂಡೆ ಬೆಚ್ಚಗಾಗುತ್ತಾ ಹಿಗ್ಗಿ ಅದನ್ನು ಸೀಳುತ್ತದೆ. ಉಂಡೆಯ ಮೇಲೆ ಪಸೆ ಕಂಡರೆ ಒಣ ಟಿಶ್ಯೂನಿಂದ ಒತ್ತಿ ತೆಗೆಯಿರಿ. ಚಾಕೊಲೇಟ್ ಬೆರಳಿಗೆ ತುಸು ಬೆಚ್ಚಗೆ ಅನಿಸಿದರೆ ಸಾಕು. ನೇರ ಮುಳುಗಿಸಿ ನೇರ ಎತ್ತಿ, ಒಳಗೆ ತಿರುಗಿಸಬೇಡಿ. ಓರೆ ಹಿಡಿದು ನಿಧಾನಕ್ಕೆ ಸುತ್ತಿಸುತ್ತಾ, ಕಡ್ಡಿ ಹಿಡಿದ ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮೆಲ್ಲಗೆ ತಟ್ಟಿದರೆ ಹೆಚ್ಚಿನದು ಇಳಿಯುತ್ತದೆ. ಕಡ್ಡಿ ಸೇರುವ ಬುಡ ಪೂರ್ತಿ ಮುಚ್ಚಿರಬೇಕು. ಸಣ್ಣ ತೂತು ಉಳಿದರೂ ಅಲ್ಲಿಂದ ಎಣ್ಣೆ ಜಿನುಗುತ್ತದೆ.

ನಿಲ್ಲಿಸಲು ಥರ್ಮಾಕೋಲ್ ಹುಡುಕಬೇಕಿಲ್ಲ. ಒಂದು ಅಡಿ ಬಾಳೆದಿಂಡನ್ನು ಒರೆಸಿ, ಫಾಯಿಲ್ ಸುತ್ತಿ, ಊದುಬತ್ತಿ ಚುಚ್ಚುವ ಹಾಗೆ ಕಡ್ಡಿ ಚುಚ್ಚಿ. ಅದರ ಭಾರಕ್ಕೆ ಏನೂ ಮಗುಚುವುದಿಲ್ಲ, ನೋಡಲೂ ಚೆಂದ.

ಸ್ಪ್ರಿಂಕಲ್ಸ್ ಉದುರಿಸುವುದಿದ್ದರೆ ಅದ್ದಿದ ಕೂಡಲೇ ಉದುರಿಸಿ, ಹೊದಿಕೆ ಮಂಕಾಯಿತೆಂದರೆ ಅಂಟುವುದಿಲ್ಲ. ಮಕ್ಕಳಿಗೆ ಕರಡಿಯ ಮುಖವೇ ಇಷ್ಟ: ಗೋಡಂಬಿ ಸೀಳಿನ ಅಗಲವಾದ ತುದಿಯನ್ನು ಮುರಿದು, ಅದ್ದುವ ಮೊದಲೇ ಉಂಡೆಗೆ ಎರಡು ಕಿವಿ ಸಿಕ್ಕಿಸಿ. ಹೊದಿಕೆ ಗಟ್ಟಿಯಾದ ಮೇಲೆ ಟೂತ್‌ಪಿಕ್‌ನಿಂದ ಬಿಳಿ ಚಾಕೊಲೇಟಿನ ಚುಕ್ಕೆ ಇಟ್ಟು, ಅದು ಒಣಗಿದ ಮೇಲೆ ನಡುವೆ ಕರಿಚುಕ್ಕೆ ಇಡಿ. ಕಣ್ಣುಗಳು ಹತ್ತಿರ ಹತ್ತಿರ ಇದ್ದಷ್ಟೂ ಮುಖ ಮುದ್ದಾಗಿ ಕಾಣುತ್ತದೆ.

ಬೆಳಿಗ್ಗೆ ಅದ್ದಿದರೆ ಸಂಜೆಯವರೆಗೆ ಹೊರಗೇ ಗಾಳಿಯಾಡದ ಡಬ್ಬಿಯಲ್ಲಿರಲಿ. ಏಪ್ರಿಲ್‌ನ ಶಿವಮೊಗ್ಗದ ಸೆಕೆಯಲ್ಲಿ ಫ್ರಿಜ್ ತಪ್ಪಿದ್ದಲ್ಲ. ಆಗ ಡಬ್ಬಿ ಸಮೇತ ಇಟ್ಟು, ತೆಗೆದ ಮೇಲೆ ಅರ್ಧ ಗಂಟೆ ಮುಚ್ಚಳ ತೆರೆಯಬೇಡಿ. ಬೆವರು ಡಬ್ಬಿಯ ಹೊರಮೈಗೆ ಕೂರುತ್ತದೆ, ಪಾಪ್ ಒಣಗಿಯೇ ಇರುತ್ತದೆ. ಲೋಟದಲ್ಲಿ ಉಳಿದ ಚಾಕೊಲೇಟಿಗೆ ಕೇಕಿನ ಪುಡಿ ಬಿದ್ದಿರುತ್ತದೆ, ಅದನ್ನು ಮತ್ತೆ ಹೊದಿಕೆಗೆ ಬಳಸಬೇಡಿ. ಮುಂದಿನ ಸಲದ ಗನಾಶ್‌ಗೆ ಎತ್ತಿಡಿ.