ಗಾಜಿನಾಚೆಯ ಅಡಕತ್ತರಿ

“ಅಮ್ಮಾ, ಇಷ್ಟು ವರ್ಷದಿಂದ ಇಲ್ಲೇ ನಿಂತಿದ್ದೇನೆ. ನಾನೇ ಅದನ್ನು ಮುಟ್ಟಿ ನೋಡಿಲ್ಲ.”

ಭಾನುವಾರ ಪುಣೆಯ ಸಂಗ್ರಹಾಲಯದಲ್ಲಿ ಕಾವಲುಗಾರರೊಬ್ಬರು ನಗುತ್ತಲೇ ಆಡಿದ ಮಾತು ಇದು. ಇವತ್ತು ಗುರುವಾರ. ಕಚೇರಿಯಲ್ಲಿ ಲೆಕ್ಕ ಕೂಡಿಸುವಾಗಲೂ ನಡುವೆ ತಲೆ ಹಾಕುತ್ತಿದೆ.

ಸಿರ್ಸಿಯಿಂದ ಬಂದಿದ್ದ ಅತ್ತೆಗೆ ಪುಣೆಯಲ್ಲಿ ಹಿಡಿಸಿದ್ದು ತುಳಶೀಬಾಗಿನ ಪಾತ್ರೆ ಅಂಗಡಿಗಳು ಮಾತ್ರ. ಪೇಶ್ವೆಗಳ ಶನಿವಾರವಾಡೆಯನ್ನು “ಗೋಡೆ ಗಟ್ಟಿಯಾಗಿದೆ” ಎಂದು ಮುಗಿಸಿಬಿಟ್ಟಿದ್ದರು. ಇಂಥವರಿಗೆ ರಾಜಾ ದಿನಕರ ಕೇಳ್ಕರ್ ಸಂಗ್ರಹಾಲಯವೇ ಸರಿ. ದೀಪ, ಬೀಗ, ಕಾಲುಜ್ಜುವ ಕಲ್ಲು, ಅಡಕತ್ತರಿ, ಹೀಗೆ ಮನೆಯ ಸಾಮಾನುಗಳಿಗೆ ಮಣೆ ಹಾಕಿದ ಜಾಗ ಅದು. ದಿನಕರ ಕೇಳ್ಕರ್ 1920ರ ಸುಮಾರಿಗೆ ಇವನ್ನೆಲ್ಲ ಕೂಡಿಸಲು ತೊಡಗಿದರು. ಎಳವೆಯಲ್ಲೇ ತೀರಿಕೊಂಡ ಮಗ ರಾಜಾನ ಹೆಸರನ್ನೇ ಸಂಗ್ರಹಕ್ಕೆ ಇಟ್ಟರು. ಒಟ್ಟು 20,000ಕ್ಕೂ ಹೆಚ್ಚು ವಸ್ತುಗಳಿವೆ, ಪ್ರದರ್ಶನದಲ್ಲಿರುವುದು 2,500ರಷ್ಟು ಎಂದು ಅತ್ತೆಗೆ ಹೇಳಿದೆ. “ಹಾಗಾದರೆ ಉಳಿದದ್ದನ್ನು ಒರೆಸುವವರು ಯಾರು?” ಎಂದು ಕೇಳಿದರು.

ಅಡಕತ್ತರಿಗಳ ಮುಂದೆ ಅತ್ತೆ ನಿಂತೇಬಿಟ್ಟರು. ಕುದುರೆಯಾಕಾರದ್ದು, ಹಕ್ಕಿಯಾಕಾರದ್ದು, ಅಪ್ಪಿಕೊಂಡ ಜೋಡಿಯದ್ದು. ನೋಡಿದವರೆಲ್ಲ ಬೆರಗಾಗುವ ಕೆಲಸಗಾರಿಕೆ ಅದು. ಅತ್ತೆ ಬೆರಗಾಗಲಿಲ್ಲ. “ಈ ಕುದುರೆಯಲ್ಲಿ ಒಂದು ಅಡಿಕೆ ಕತ್ತರಿಸಿದರೆ ಕಿವಿ ಅಂಗೈಗೆ ಚುಚ್ಚುತ್ತದೆ. ಮಾಡಿದವನು ಕವಳ ಹಾಕುವವನಲ್ಲ” ಎಂದರು. ಕವಳವೆಂದರೆ ಎಲೆಯಡಿಕೆ. ಅವರ ಕಣ್ಣು ಮೂಲೆಯಲ್ಲಿದ್ದ ಒಂದು ಸಾದಾ ಕಬ್ಬಿಣದ್ದರ ಮೇಲಿತ್ತು. ಚಿತ್ತಾರವಿಲ್ಲ. ಅಲಗು ನಡುವಿನಲ್ಲಿ ಸವೆದು ಒಳಕ್ಕೆ ಬಾಗಿತ್ತು. ಹಿಡಿಯ ಒಂದು ಬದಿ ಮಾತ್ರ ನುಣುಪಾಗಿ ಹೊಳೆಯುತ್ತಿತ್ತು, ಹೆಬ್ಬೆರಳು ಕೂರುವ ಕಡೆ. “ಇದು ದುಡಿದದ್ದು. ಇದರ ಫೋಟೊ ತೆಗೆ, ನಿನ್ನ ಮಾವನಿಗೆ ಕಳಿಸಬೇಕು. ನಮ್ಮ ಮನೆಯದೇ ಹೀಗಿತ್ತು.”

ಗಾಜಿನೊಳಗಿನ ವಸ್ತುವಿನ ಫೋಟೊ ತೆಗೆಯುವುದು ಅಷ್ಟು ಸುಲಭವಲ್ಲ. ಬೆಳಕು ಮಂದವಾಗಿದ್ದಷ್ಟೂ ಮೊಬೈಲ್ ತಡಕಾಡುತ್ತದೆ. ಒಳಗಿನ ಕಬ್ಬಿಣವನ್ನು ಬಿಟ್ಟು ಗಾಜಿನ ಮೇಲಿನ ಬೆರಳಿನ ಗುರುತಿಗೆ ಫೋಕಸ್ ಮಾಡುತ್ತದೆ. ಬಟ್ಟೆ, ಕಾಗದ, ಜಲವರ್ಣದ ಚಿತ್ರಗಳಿಗೆ, ಬೆಳಕಿನ ಅಳತೆಯಲ್ಲಿ, 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಸಂಗ್ರಹಾಲಯಗಳ ರೂಢಿ. ಕಬ್ಬಿಣಕ್ಕೆ ಆ ಭಯವಿಲ್ಲ, ಆದರೆ ಗಾಜು ಗಾಜೇ. ಪಕ್ಕದಲ್ಲಿದ್ದ ಕಾಲೇಜು ಹುಡುಗನೊಬ್ಬ ಯಾರೂ ನೋಡುತ್ತಿಲ್ಲವೆಂದು ಫ್ಲ್ಯಾಶ್ ಹೊಡೆದ. ಅವನಿಗೆ ಸಿಕ್ಕಿದ್ದು ಬಿಳಿಯ ಒಂದು ಗುಂಡು ಕಲೆ. ಕದ್ದು ಮಾಡಿದ ಕೆಲಸ ಕೈಗೂಡದಿದ್ದುದು ನನಗೆ ಖುಷಿಯಾಯಿತು, ಮುಚ್ಚುಮರೆಯೇನು. ಕ್ಯಾಮೆರಾದ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಪ್ರತಿಫಲನವನ್ನು ಕಳೆಯುತ್ತದೆ ನಿಜ, ಆದರೆ ಗಾಜಿನ ನೇರ ಎದುರಿನಿಂದ ಸುಮಾರು 55 ಡಿಗ್ರಿ ಓರೆಯಾಗಿ ನಿಂತಾಗ. ಅತ್ತೆಗೆ ಬೇಕಾಗಿದ್ದುದು ನೇರ ಎದುರಿನ ಫೋಟೊ, ಸವೆದ ಅಲಗು ಪೂರ್ತಿ ಕಾಣುವಂಥದ್ದು.

ಕಂಡದ್ದು ಹಿಂದಿನ ಕಿಟಕಿ, ನನ್ನ ಬಿಳಿ ಅಂಗಿ, ಅದರ ನಡುವೆ ಎಲ್ಲೋ ಅಡಕತ್ತರಿ. ಅತ್ತೆಯ ತಾಳ್ಮೆ ಮುಗಿಯಿತು. ಕಾವಲುಗಾರರತ್ತ ತಿರುಗಿ, ಅಚ್ಚ ಕನ್ನಡದಲ್ಲಿ, “ಒಂದು ನಿಮಿಷ ಹೊರಗೆ ತೆಗೆದುಕೊಡಿ, ಮತ್ತೆ ಒಳಗಿಟ್ಟರಾಯಿತು” ಎಂದರು. ನಾನು ಮರಾಠಿಯಲ್ಲಿ ಕ್ಷಮೆ ಕೇಳುವಷ್ಟರಲ್ಲಿ ಆತ ಕನ್ನಡದಲ್ಲೇ ಮೊದಲ ಸಾಲಿನ ಆ ಮಾತು ಹೇಳಿದರು. ಕರ್ನಾಟಕದ ಗಡಿಯ ಅಕ್ಕಲಕೋಟೆಯ ಕಡೆಯವರಂತೆ.

ಮುಂದಿನದನ್ನೂ ಆತನೇ ಹೇಳಿಕೊಟ್ಟರು. “ಅಮ್ಮಾ, ನಿಮ್ಮ ಸೀರೆ ಕಪ್ಪಗಿದೆ. ಇವರ ಬೆನ್ನಿಗೆ ನಿಂತು ಸೆರಗು ಅಗಲ ಮಾಡಿ. ಕಿಟಕಿ ಮರೆಯಾಗುತ್ತದೆ.” ನನ್ನ ಅಂಗಿಯ ಮುಂದೆ ಕಪ್ಪು ಚೀಲವನ್ನು ಹಿಡಿಯಬೇಕು, ಮೊಬೈಲನ್ನು ಗಾಜಿಗೆ ಆದಷ್ಟು ಹತ್ತಿರ ಒಯ್ಯಬೇಕು, ಆದರೆ ತಾಗಿಸಬಾರದು. ಹೇಳಿದಂತೆ ಮಾಡಿದಾಗ ಚಿತ್ರ ತಿಳಿಯಾಗಿ ಬಂತು, ತಿರುಗಣಿಯ ಮೊಳೆಯ ತಲೆ ಸಹಿತ. ದಿನವೂ ನಿಂತು ಜನರ ಪರದಾಟ ನೋಡಿ ಕಲಿತ ವಿದ್ಯೆ. ಯಾವ ಛಾಯಾಗ್ರಾಹಕನಿಗೂ ಆ ಮೂಲೆಯ ಬೆಳಕು ಅಷ್ಟು ಗೊತ್ತಿರಲಾರದು.

ಆದರೆ ಅಡಕತ್ತರಿಯ ತೂಕ ಮಾತ್ರ ಆತನಿಗೆ ಗೊತ್ತಿಲ್ಲ. ಮುಟ್ಟದಂತೆ ನೋಡಿಕೊಳ್ಳುವುದೇ ಕೆಲಸವಾದ ಮೇಲೆ ಮೊದಲು ಮುಟ್ಟದಿರಬೇಕಾದವರು ಅವರೇ. ಮುಟ್ಟಲು ಬಿಡಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಕೈಬೆವರಿನ ಉಪ್ಪು ಕಬ್ಬಿಣಕ್ಕೆ ತುಕ್ಕು ತರಿಸುತ್ತದೆ, ಗಾಜು ಇರಲೇಬೇಕು. ನನ್ನನ್ನು ಕೆಣಕುತ್ತಿರುವುದು ಬೇರೆ. ಪುಣೆಯ ಕೋಥರೂಡಿನಲ್ಲಿ ನಮ್ಮವರ ಫ್ಲ್ಯಾಟುಗಳಿಗೆ ಹೋದರೆ ಒನಕೆಗೆ ವಾರ್ನಿಶ್ ಬಳಿದು ಹಾಲ್‌ನಲ್ಲಿ ನಿಲ್ಲಿಸಿರುತ್ತಾರೆ, ಅಜ್ಜಿಯ ಕವಳದ ತಟ್ಟೆ ಶೋಕೇಸಿನಲ್ಲಿ ಕೂತಿರುತ್ತದೆ, ಕೀಲಿ ಎಲ್ಲಿದೆಯೆಂದು ಮನೆಯವರಿಗೇ ನೆನಪಿರುವುದಿಲ್ಲ. ಕೆಲಸದಾಕೆ ಹೊರಗಿನಿಂದ ಗಾಜು ಒರೆಸಿ ಹೋಗುತ್ತಾಳೆ. ಅಲ್ಲಿ ಯಾವ ತುಕ್ಕಿನ ಭಯ? ಹೊತ್ತು ತಂದ ಸಾಮಾನನ್ನು ಬಳಸಲು ನಾಚಿಕೆ, ಬಿಸಾಡಲು ಮನಸ್ಸಿಲ್ಲ. ನಮ್ಮ ಮನೆಯ ಶೋಕೇಸಿನಲ್ಲಿರುವ ತಾಮ್ರದ ಚೆಂಬಿನಲ್ಲಿ ನೀರು ಕುಡಿದವರನ್ನು ನಾನು ಕಂಡಿಲ್ಲ.

ರಾತ್ರಿ ಫೋಟೊ ಸಿರ್ಸಿಗೆ ಹೋಯಿತು. ಮಾವ ಒಂದೇ ಸಾಲು ಬರೆದರು: “ಚೆನ್ನಾಗಿದೆ, ಎಷ್ಟಕ್ಕೆ ಕೊಡುತ್ತಾರಂತೆ?” ಅತ್ತೆ ಕೂಡಲೇ ಫೋನ್ ಮಾಡಿ ಬೈದರು. ಬೈಗುಳದ ನಡುವೆಯೇ, ಅಟ್ಟದ ಮೇಲಿನ ಪೆಟ್ಟಿಗೆ ತೆರೆದು ನಮ್ಮದು ಇನ್ನೂ ಇದೆಯೇ ನೋಡಿ, ಇದ್ದರೆ ಸಾಣೆ ಹಿಡಿಸಿ ಇಡಿ ಎಂದರು.